ಹಾಸನದ ಸೂಪರ್‌ಮಾರ್ಕೆಟ್‌ನಲ್ಲಿ ‘ಎಫ್‌ಟಿಎ ಆಫರ್’: ಏನು ತಗೋಬಹುದು, ಏನು ಬೇಡ

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ಅಂಗಡಿ ದೊಡ್ಡದು, ಚೊಕ್ಕಟವಾಗಿದೆ. ಬೇಳೆ, ರವೆ ಯಾವುದರಲ್ಲೂ ಹುಳ ಕಾಣಲಿಲ್ಲ. ಕೆಲಸದ ಹುಡುಗರು ಮುಖ ಗಂಟು ಹಾಕದೆ ಉತ್ತರ ಕೊಡುತ್ತಾರೆ. ಬಿಲ್ಲಿಂಗ್‌ಗೆ ನಾಲ್ಕು ಕೌಂಟರ್ ಇಟ್ಟಿದ್ದಾರೆ, ತೆರೆಯೋದು ಎರಡೇ. ಬಿ.ಎಂ. ರಸ್ತೆ ಕಡೆ ಇಷ್ಟು ದೊಡ್ಡ ಕಟ್ಟಡ ಕಟ್ಟಿ, ಕಾರು ನಿಲ್ಲಿಸೋಕೆ ಜಾಗವನ್ನೇ ಬಿಟ್ಟಿಲ್ಲವಲ್ಲ, ಅದೇ ಆಶ್ಚರ್ಯ. ಅಂಗಡಿ ಹೆಸರು ಹಾಕುವುದಿಲ್ಲ. ಮುಂದೆ ಬೈಯೋದಿದೆ, ಅದಕ್ಕೆ.

ಬಾಗಿಲ ಮೇಲೆ ಒಂದು ಬ್ಯಾನರ್ ಕಟ್ಟಿದ್ದರು. ‘ಎಫ್‌ಟಿಎ ಆಫರ್! ಫಾರಿನ್ ಐಟಂಗಳು ಈಗ ಇನ್ನೂ ಅಗ್ಗ!’ ಪಕ್ಕದಲ್ಲಿ ಚಾಕೊಲೇಟ್, ಚೀಸ್, ಕಿವಿ ಹಣ್ಣು, ಆಲಿವ್ ಎಣ್ಣೆಯ ಚಿತ್ರ. ಇದು 2026ರ ಫೆಬ್ರವರಿ ಮೊದಲ ವಾರದ ಮಾತು. ಯುರೋಪಿಯನ್ ಒಕ್ಕೂಟದ ಜೊತೆ ಮುಕ್ತ ವ್ಯಾಪಾರ ಒಪ್ಪಂದದ (ಎಫ್‌ಟಿಎ ಅಂದರೆ ಇದೇ, ಒಬ್ಬರ ಮಾಲಿಗೆ ಇನ್ನೊಬ್ಬರು ಆಮದು ಸುಂಕ ಇಳಿಸೋದು) ಮಾತುಕತೆ ಮುಗಿಯಿತು ಅಂತ ಜನವರಿ 27ಕ್ಕೆ ದೆಹಲಿಯಲ್ಲಿ ಘೋಷಣೆ ಆಗಿತ್ತು. ಹಾಸನದಲ್ಲಿ ಅಷ್ಟರೊಳಗೆ ಆಫರ್ ಶುರು!

ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದವನು. ಬೆಳಗ್ಗೆ ಸಂಜೆ ಹಾಲು ಅಳೆಸಿಕೊಂಡು, ಫ್ಯಾಟ್ ನೋಡಿ, ಬಟವಾಡೆ ಬರೆದು ಆಯಸ್ಸು ಕಳೆದಿದ್ದೇನೆ. ಈಗ ಹಾಸನದಲ್ಲಿ ಮಗನ ಮನೆ. ಪೇಪರ್ ಓದೋದು, ಮೊಮ್ಮಗಳಿಗೆ ತಿಂಡಿ ತರೋದು, ಇಷ್ಟೇ ಕೆಲಸ. ಲೇಬಲ್ ಓದುವ ಚಟ ಮಾತ್ರ ಹೋಗಿಲ್ಲ.

ಮ್ಯಾನೇಜರ್ ಹುಡುಗನನ್ನು ಕೇಳಿದೆ.

“ಏನಪ್ಪಾ ಇದು, ಎಫ್‌ಟಿಎ ಆಫರ್?”

“ಯುರೋಪ್ ಜೊತೆ ಅಗ್ರಿಮೆಂಟ್ ಆಯ್ತಲ್ಲ ಸರ್. ಟ್ಯಾಕ್ಸ್ ಎಲ್ಲ ತೆಗೆದಿದ್ದಾರೆ.”

“ಯಾವಾಗ ತೆಗೆದರು?”

“ಹೋದ ವಾರ ಸರ್. ಟಿವಿಲಿ ಬಂತಲ್ಲ.”

ಟಿವಿಯಲ್ಲಿ ಬಂದದ್ದು ನಿಜ. ಆದರೆ ಮಾತುಕತೆ ಮುಗಿಯೋದು ಬೇರೆ, ಸಹಿ ಬೀಳೋದು ಬೇರೆ, ಜಾರಿಗೆ ಬರೋದು ಬೇರೆ. ಹಾಲಿನ ದರ ಏರಿಸ್ತೀವಿ ಅಂತ ಹಾಲು ಒಕ್ಕೂಟದ ಅಧ್ಯಕ್ಷರು ಪೇಪರ್‌ನಲ್ಲಿ ಹೇಳಿದ ವಾರವೇ ಬಟವಾಡೆಯಲ್ಲಿ ದುಡ್ಡು ಸೇರಿಬಿಡುತ್ತಾ? ಸುತ್ತೋಲೆ ಬರಬೇಕು. ಇಲ್ಲೂ ಹಾಗೇ. ಕರಡನ್ನು ವಕೀಲರು ಸಾಲು ಸಾಲು ನೋಡಬೇಕು, ಎರಡೂ ಕಡೆ ಸಹಿ ಆಗಬೇಕು, ಆಮೇಲೆ ಯುರೋಪಿನ ಸಂಸತ್ತು ಒಪ್ಪಬೇಕು. ಅಲ್ಲಿನ ಒಪ್ಪಿಗೆ ಸುಮ್ನೆ ಸಿಗುವಂಥದ್ದಲ್ಲ. ದಕ್ಷಿಣ ಅಮೆರಿಕದ ಮರ್ಕೋಸೂರ್ ದೇಶಗಳ ಜೊತೆಗಿನ ಅವರ ಒಪ್ಪಂದಕ್ಕೆ ಜನವರಿ 17ಕ್ಕೆ ಸಹಿ ಬಿತ್ತು. ನಾಲ್ಕೇ ದಿನಕ್ಕೆ ಅದೇ ಸಂಸತ್ತು, ಇದು ಸರಿ ಇದೆಯಾ ನೋಡಿ ಅಂತ ಕೋರ್ಟಿಗೆ ಕಳಿಸಿತು. 334 ಓಟು ಆ ಕಡೆ, 324 ಈ ಕಡೆ. ರೈತರು ಟ್ರ್ಯಾಕ್ಟರ್ ತಗೊಂಡು ಬೀದಿಗೆ ಇಳಿದಿದ್ದರು. ಹತ್ತು ಓಟಿನ ಅಂತರ ಅಂದರೆ ನಮ್ಮ ಡೈರಿ ಚುನಾವಣೆ ನೋಡಿದವನಿಗೆ ಚೆನ್ನಾಗಿ ಗೊತ್ತು, ಯಾರು ಯಾರ ಮನೆಗೆ ರಾತ್ರಿ ಹೋಗಿದ್ದಾರೆ ಅಂತ.

ಇಷ್ಟನ್ನೆಲ್ಲ ಆ ಹುಡುಗನಿಗೆ ಹೇಳಲಿಲ್ಲ. ಸೀದಾ ಚಾಕೊಲೇಟ್ ಕಡೆ ಹೋದೆ.

ಚಾಕೊಲೇಟ್ ಸಾಲು ಕಣ್ಣಿಗೆ ಹಬ್ಬ. ಮೊಮ್ಮಗಳು ಜೊತೆಗಿದ್ದರೆ ಪರ್ಸ್ ಮನೆಯಲ್ಲೇ ಬಿಟ್ಟು ಹೋಗಿ. ಆಫರ್ ಚೀಟಿ ಅಂಟಿಸಿದ್ದ ಎರಡು ಬಗೆ ತಗೊಂಡು ಕನ್ನಡಕ ಏರಿಸಿ ಹಿಂಬದಿ ಓದಿದೆ. ಎರಡರ ಮೇಲೂ ಹಿಮದ ಬೆಟ್ಟದ ಚಿತ್ರ. ಒಂದು ಪೋಲೆಂಡಿನದು. ಇನ್ನೊಂದು ನಿಜವಾಗಿ ಸ್ವಿಟ್ಜರ್ಲೆಂಡಿನದು. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲೇ ಇಲ್ಲ. ಅವರದು ಬೇರೆ ಗುಂಪು: ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲೀಕ್ಟನ್‌ಸ್ಟೈನ್. ಆ ನಾಲ್ಕರ ಜೊತೆ ನಮ್ಮ ಒಪ್ಪಂದಕ್ಕೆ 2024ರ ಮಾರ್ಚ್ 10ರಂದು ಸಹಿ ಆಗಿ, 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸ್ವಿಸ್ ಚಾಕೊಲೇಟ್ ಮೇಲಿನ ಸುಂಕ ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಇಡೀ ಅಂಗಡಿಯಲ್ಲಿ ಆ ಬ್ಯಾನರ್ ಹಾಕಿಕೊಳ್ಳುವ ಯೋಗ್ಯತೆ ಇದ್ದದ್ದು ಈ ಒಂದಕ್ಕೇ ಅಂದುಕೊಂಡೆ. ಆಮದುದಾರರ ಬಿಳಿ ಸ್ಟಿಕ್ಕರ್ ಓದುವವರೆಗೆ. ಅದರಲ್ಲಿ ಆಮದಾದ ತಿಂಗಳು ಹಾಕಿರುತ್ತಾರೆ: ಆಗಸ್ಟ್ 2025. ಒಪ್ಪಂದ ಜಾರಿಗೆ ಬರುವ ಮೊದಲೇ ಪೂರ್ತಿ ಸುಂಕ ಕಟ್ಟಿ ಬಂದ ಮಾಲು!

ಅಂದರೆ ಆಫರ್ ಬರೀ ಅಂಗಡಿಯವರ ಆಫರ್. ಹಳೇ ಸ್ಟಾಕ್ ಖಾಲಿ ಮಾಡೋದು. ತಪ್ಪೇನಿಲ್ಲ, ಕಡಿಮೆ ಬೆಲೆಗೇ ಕೊಟ್ಟರು, ಎಕ್ಸ್‌ಪೈರಿಗೆ ಇನ್ನೂ ಸಮಯ ಇತ್ತು. ರುಚಿಯೂ ಚೆನ್ನಾಗಿದೆ. ಆದರೆ ದೆಹಲಿಯ ಹೆಸರು ಯಾಕೆ ಎಳೆದು ತರಬೇಕು?

ಸ್ವಿಸ್ ಜನರ ವಿಷಯ ಬಂದಿದ್ದಕ್ಕೆ ಇನ್ನೊಂದು ಹೇಳಬೇಕು. ಅಲ್ಲಿ ವ್ಯಾಪಾರ ಒಪ್ಪಂದವನ್ನು ಜನರೇ ಓಟಿಗೆ ಹಾಕಿಸಬಹುದು. ಇಂಡೊನೇಷ್ಯಾ ಜೊತೆಗಿನ ಒಪ್ಪಂದದಲ್ಲಿ ತಾಳೆ ಎಣ್ಣೆ ಸುಂಕ ಇಳಿಸಿದ್ದಕ್ಕೆ ಗಲಾಟೆ ಆಗಿ, 2021ರ ಮಾರ್ಚ್ 7ರಂದು ದೇಶಕ್ಕೆ ದೇಶವೇ ಓಟು ಹಾಕಿತು. ಒಪ್ಪಿದವರು 51.6 ಪರ್ಸೆಂಟ್. ಎಣ್ಣೆ ಸುಂಕಕ್ಕೆ ಇಡೀ ದೇಶದ ಜನಮತ! ನಮ್ಮಲ್ಲಿ ಕೇಂದ್ರ ಸಂಪುಟ ಒಪ್ಪಿದರೆ ಮುಗೀತು, ಸಹಿ ಹಾಕೋಕೆ ಸಂಸತ್ತಿನ ಓಟು ಕಡ್ಡಾಯವಲ್ಲ. ನನ್ನ ತಂಗಿ ಮಗ ಲಾಯರ್. ಅವನು ಒಂದು ಸಲ ಸಂವಿಧಾನದ ಏಳನೇ ಪರಿಶಿಷ್ಟ ತೆಗೆದು ತೋರಿಸಿದ್ದ. ಕೇಂದ್ರ ಪಟ್ಟಿಯ 14ನೇ ಬಾಬ್ತು ವಿದೇಶಗಳ ಜೊತೆ ಒಪ್ಪಂದ. ರಾಜ್ಯ ಪಟ್ಟಿಯ 14ನೇ ಬಾಬ್ತು ಕೃಷಿ. “ನೋಡಿ ಮಾವ, ನಂಬರ್ ಒಂದೇ, ಮನೆ ಬೇರೆ” ಅಂದ. ಬೆಳೆಯೋದು ರಾಜ್ಯದ ವಿಷಯ, ಅದರ ಮೇಲೆ ಸಹಿ ಹಾಕೋದು ಕೇಂದ್ರ. ಹಾಗಂತ ನಮ್ಮಲ್ಲಿ ಜನರ ಮಾತು ನಡೆಯೋದೇ ಇಲ್ಲ ಅಂದುಕೊಳ್ಳಬೇಡಿ. ನಡೆಯುತ್ತೆ. ಎಲ್ಲರದೂ ನಡೆಯಲ್ಲ, ಅಷ್ಟೇ. ಅದು ಅಂಗಡಿಯ ಫ್ರಿಜ್ ಮುಂದೆ ನಿಂತರೆ ಗೊತ್ತಾಗುತ್ತದೆ.

ಫ್ರಿಜ್‌ಗೆ ನನ್ನ ಕಡೆಯಿಂದ ಪೂರ್ತಿ ಅಂಕ. ಗಾಜು ಒರೆಸಿದ್ದಾರೆ, ತಂಪು ಸರಿಯಾಗಿದೆ. ಹಳೇ ತಾರೀಕಿನ ಪ್ಯಾಕೆಟ್ ಮುಂದೆ, ಹೊಸದು ಹಿಂದೆ ಅನ್ನುವ ಕಳ್ಳಾಟ ಇಲ್ಲ. ಒಳಗೆ ನೋಡಿದರೆ ನಂದಿನಿ ಮೊಸರು, ನಂದಿನಿ ಬೆಣ್ಣೆ, ತುಪ್ಪ, ಪನೀರ್. ಒಂದು ಮೂಲೆಯಲ್ಲಿ ಯುರೋಪಿನ ಚೀಸ್ ಒಂದೆರಡು ಡಬ್ಬಿ, ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತದೆ. ಬ್ಯಾನರ್‌ನಲ್ಲಿ ಚೀಸ್ ಚಿತ್ರ ಇದೆ, ಆಫರ್ ಚೀಟಿ ಅದರ ಮೇಲೆ ಇಲ್ಲ. ಇರೋದೂ ಇಲ್ಲ. ಯುರೋಪ್ ಒಪ್ಪಂದದಲ್ಲಿ ಹಾಲಿನ ಪದಾರ್ಥ ಹೊರಗೆ, ಅಂದರೆ ಅದರ ಸುಂಕ ಇಳಿಸಲ್ಲ. 2025ರ ಜುಲೈ 24ಕ್ಕೆ ಸಹಿಯಾದ ಬ್ರಿಟನ್ ಒಪ್ಪಂದದಲ್ಲೂ ಹೊರಗೆ. ಡಿಸೆಂಬರ್ 22ಕ್ಕೆ ಮಾತುಕತೆ ಮುಗಿಸಿದ ನ್ಯೂಜಿಲೆಂಡ್ ಜೊತೆಯೂ ಹಾಲು, ಬೆಣ್ಣೆ, ಚೀಸ್ ಹೊರಗೆ. ಹಾಲು ಕರೆದು ಹೊರದೇಶಕ್ಕೆ ಮಾರಿಯೇ ಬದುಕುವ ನ್ಯೂಜಿಲೆಂಡಿಗೂ ಹಾಗೆ!

ಇದು ಯಾರ ಕೃಪೆ? ಸರಕಾರದ್ದು ಅಂತ ಕೆಲವರು. ನಾನು ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲುವವರದ್ದು ಅಂತೀನಿ. ದೇಶದಲ್ಲಿ ಹಾಲಿನಿಂದ ಬದುಕುವವರು 8 ಕೋಟಿ ರೈತರು ಅಂತ ಸರಕಾರವೇ ಹೇಳುತ್ತದೆ. ನಮ್ಮ ಕಡೆ ಹೆಚ್ಚುಕಡಿಮೆ ಪ್ರತಿ ಹಳ್ಳಿಗೂ ಒಂದು ಡೈರಿ. ಡೈರಿಗೆ ನಿರ್ದೇಶಕರು, ಅವರಿಗೊಬ್ಬ ಅಧ್ಯಕ್ಷ. ಅಲ್ಲಿಂದ ಒಕ್ಕೂಟದ ಚುನಾವಣೆಗೆ ಒಬ್ಬ ಡೆಲಿಗೇಟ್. ಆ ಡೆಲಿಗೇಟ್ ಫಾರಂಗೆ ಎಂಥ ಬೆಲೆ ಅಂತ ಚುನಾವಣೆ ಹತ್ತಿರ ಬಂದಾಗ ನೋಡಬೇಕು. ಹಾಸನ ಹಾಲು ಒಕ್ಕೂಟ ಅಂದರೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆ. ಎಚ್.ಡಿ. ರೇವಣ್ಣ ಅವರು ವರ್ಷಗಟ್ಟಲೆ ಅದರ ಅಧ್ಯಕ್ಷರು. ವಿಧಾನಸೌಧದಲ್ಲಿ ದೊಡ್ಡ ಖಾತೆ ನೋಡಿದವರಿಗೂ ಬೇಕಾದ ಕುರ್ಚಿ ಅದು ಅಂದಮೇಲೆ ಬೇರೆ ವಿವರಣೆ ಬೇಕಾ?

2019 ನೆನಪಿದೆ. ಆರ್‌ಸಿಇಪಿ ಅಂತ 16 ದೇಶಗಳ ದೊಡ್ಡ ವ್ಯಾಪಾರ ಒಪ್ಪಂದ. ಮಾತುಕತೆ ಶುರುವಾದದ್ದು 2012ರಲ್ಲಿ, ಮನಮೋಹನ್ ಸಿಂಗ್ ಕಾಲಕ್ಕೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾ ಎರಡೂ ಅದರಲ್ಲಿ. ನಮ್ಮ ಡೈರಿ ಕಟ್ಟೆಯಲ್ಲಿ ಇಂಗ್ಲಿಷ್ ಬರದವರ ಬಾಯಲ್ಲೂ ಆಗ ಆರ್‌ಸಿಇಪಿ. ‘ನ್ಯೂಜಿಲೆಂಡ್ ಪೌಡರ್ ಬಂದರೆ ನಮ್ಮ ಹಾಲು ಮೋರಿಗೆ’ ಅನ್ನೋದೇ ಮಾತು. ಹಸಿರು ಶಾಲಿನವರು ವಿರೋಧ, ಕೆಂಪು ಬಾವುಟದವರು ವಿರೋಧ, ಆರೆಸ್ಸೆಸ್ ಬಳಗದ ಸ್ವದೇಶಿ ಜಾಗರಣ ಮಂಚ್‌ನವರೂ ವಿರೋಧ. ತಮ್ಮ ಕಾಲದಲ್ಲೇ ಮಾತುಕತೆ ಶುರು ಮಾಡಿದ್ದ ಕಾಂಗ್ರೆಸ್ಸೂ ವಿರೋಧ. ಅಧಿಕಾರದಲ್ಲಿ ಇದ್ದಾಗ ಒಂದು, ಕಳಕೊಂಡಾಗ ಇನ್ನೊಂದು. ಇದರಲ್ಲಿ ಯಾವ ಪಕ್ಷವೂ ಕಡಿಮೆ ಇಲ್ಲ. ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಮೋದಿಯವರು ನಾವು ಸೇರಲ್ಲ ಅಂದರು. ಉಳಿದ 15 ದೇಶ ಮುಂದಿನ ವರ್ಷ ಸಹಿ ಹಾಕಿದವು.

ಹಾಲಿಗೆ ನ್ಯೂಜಿಲೆಂಡೇ ಬರಬೇಕಂತಿಲ್ಲ, ಗುಜರಾತ್ ಬಂದರೂ ಸಾಕು. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಹಾಲು ತರುತ್ತೆ ಅಂತ ಸುದ್ದಿಯಾಯಿತು. ವಿಧಾನಸಭೆ ಚುನಾವಣೆ ಮುಂದಿನ ತಿಂಗಳು. ಡಿ.ಕೆ. ಶಿವಕುಮಾರ್ ಅವರು ಇದೇ ಹಾಸನದ ನಂದಿನಿ ಪಾರ್ಲರ್‌ಗೆ ಬಂದು ಕ್ಯಾಮೆರಾ ಮುಂದೆ ನಂದಿನಿ ತಗೊಂಡು ಹೋದರು. ದೇಶದೊಳಗಿನ ಹಾಲಿಗೇ ಇಷ್ಟು. ಹೊರದೇಶದ ಹಾಲಿಗೆ ಸಹಿ ಹಾಕುವ ಧೈರ್ಯ ಯಾರಿಗಿದೆ?

ಆ ಕಡೆಯವರಿಗೂ ಅವರವರ ಊರಿನ ಕಷ್ಟ ಇದೆ ಅನ್ನೋದು ಮರೆಯಬಾರದು. ನ್ಯೂಜಿಲೆಂಡಿನಲ್ಲಿ ವಿದೇಶಾಂಗ ಮಂತ್ರಿ ವಿನ್ಸ್ಟನ್ ಪೀಟರ್ಸ್, ಮೈತ್ರಿ ಸರಕಾರದ ಒಂದು ಪಕ್ಷದ ನಾಯಕ. ತಮ್ಮದೇ ಸರಕಾರ ಮುಗಿಸಿದ ಒಪ್ಪಂದವನ್ನು, ಇದು ಮುಕ್ತವೂ ಅಲ್ಲ ನ್ಯಾಯವೂ ಅಲ್ಲ ಅಂತ ಬಹಿರಂಗವಾಗಿ ಬೈದರು. ಕಾರಣ ಹಾಲು, ಜೊತೆಗೆ ಭಾರತೀಯರಿಗೆ ಕೊಡುವ ವೀಸಾ. ಹಾಗಾಗಿ ಅಲ್ಲಿನ ಪ್ರಧಾನಿ ಲಕ್ಸನ್ ಇದನ್ನು ದಾಟಿಸಬೇಕಾದರೆ ವಿರೋಧ ಪಕ್ಷದ ಕೈ ನೋಡಬೇಕು. ಓದಿ ನಗು ಬಂತು. ಮೈತ್ರಿ ಸರಕಾರದ ರಗಳೆ ಹಾಸನದವರಿಗೆ ಯಾರಾದರೂ ಕಲಿಸಬೇಕಾ?

ಹಣ್ಣಿನ ವಿಭಾಗ ಸುಮಾರು. ‘ನ್ಯೂಜಿಲೆಂಡ್ ಕಿವಿ’ ಅಂತ ರಟ್ಟಿನ ಬೋರ್ಡ್. ಹಣ್ಣಿನ ಮೇಲಿನ ಪುಟ್ಟ ಸ್ಟಿಕ್ಕರ್ ಇಟಲಿ ಅನ್ನುತ್ತದೆ. ಫೆಬ್ರವರಿ ಮೊದಲ ವಾರಕ್ಕೆ ನ್ಯೂಜಿಲೆಂಡಿನಲ್ಲಿ ಕಿವಿ ಕೊಯ್ಲೇ ಶುರುವಾಗಿರಲ್ಲ. ಹಣ್ಣು ಚೆನ್ನಾಗಿತ್ತು, ಬೋರ್ಡ್ ಸುಳ್ಳು. ಸೇಬು ಕಾಶ್ಮೀರದ್ದು, ಗಟ್ಟಿ ಇತ್ತು, ತಗೊಳ್ಳಿ. ಸೇಬು ಬೆಳೆಯೋರೂ ಹಾಲಿನವರ ಹಾಗೆ ಕೂಗಿದವರೇ. ನ್ಯೂಜಿಲೆಂಡ್ ಸೇಬಿಗೆ ಸುಂಕ ಪೂರ್ತಿ ಬಿಟ್ಟಿಲ್ಲ, 50 ಇದ್ದದ್ದು 25 ಪರ್ಸೆಂಟ್, ಅದೂ ಇಷ್ಟೇ ಟನ್ ಅಂತ ಮಿತಿ. ಕಾಶ್ಮೀರ, ಹಿಮಾಚಲ ಎರಡು ಕಡೆಯ ಜನ ಗಟ್ಟಿಯಾಗಿ ನಿಂತರೆ ಅಷ್ಟು ಸಿಗುತ್ತದೆ.

ಈಗ ಬೈಯೋ ಭಾಗ. ಕರಿಮೆಣಸು.

ನೂರು ಗ್ರಾಂ ಪ್ಯಾಕೆಟ್, ಅಂಗಡಿಯವರ ಸ್ವಂತ ಬ್ರ್ಯಾಂಡ್. ಮುಂದೆ ‘ಮಲೆನಾಡ ಪರಿಮಳ’ ಅಂತ ದಪ್ಪ ಅಕ್ಷರ, ಕಾಫಿ ತೋಟದ ಚಿತ್ರ. ಹಿಂದೆ ಪ್ಯಾಕ್ ಮಾಡಿದ ಊರಿನ ಹೆಸರಿದೆ. ಬೆಳೆದ ಊರು ಎಲ್ಲೂ ಇಲ್ಲ. ಕೇಜಿಗೆ ಲೆಕ್ಕ ಹಾಕಿದರೆ ಸಾವಿರ ರೂಪಾಯಿ ದಾಟುತ್ತದೆ.

ನನ್ನ ಮಗಳನ್ನು ಕೊಟ್ಟಿರೋದು ಸಕಲೇಶಪುರದ ಹತ್ತಿರ. ಬೀಗರದು ಕಾಫಿ ತೋಟ, ಸಿಲ್ವರ್ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಆ ಭಾನುವಾರ ಮನೆಗೆ ಬಂದಿದ್ದರು. ಪ್ಯಾಕೆಟ್ ಒಡೆದು ಕೈಗೆ ಕೊಟ್ಟೆ. ಮೊದಲು ಅಂಗೈಯಲ್ಲಿ ಹಾಕಿ ಕುಲುಕಿದರು. “ಹಗುರ ಇದೆ” ಅಂದರು. ಒಳ್ಳೆ ಮೆಣಸು ಲೀಟರ್ ಪಾತ್ರೆಯಲ್ಲಿ ತುಂಬಿದರೆ 550 ಗ್ರಾಂ ಮೇಲೆ ತೂಗಬೇಕಂತೆ. ವ್ಯಾಪಾರಿಗಳು ಬೆಲೆ ಕಟ್ಟೋದೇ ಆ ತೂಕದ ಮೇಲೆ. ಆಮೇಲೆ ನನ್ನ ಸೊಸೆಗೆ, “ಒಂದು ಲೋಟ ನೀರು ಕೊಡಮ್ಮ” ಅಂದರು. ಕುಡಿಯೋಕೆ ಅಂತ ಅವಳು ಚೆಂಬಲ್ಲಿ ತಂದಳು. ಅವರು ಒಂದು ಹಿಡಿ ಮೆಣಸು ಅದರೊಳಗೆ ಹಾಕಿದರು. ಅರ್ಧಕ್ಕರ್ಧ ಮೇಲೆ ತೇಲಿತು. ತೇಲಿದ್ದೆಲ್ಲ ಜೊಳ್ಳು. ಒಂದು ಕಾಳು ಉಗುರಲ್ಲಿ ಒತ್ತಿದರೆ ಪುಡಿಪುಡಿಯಾಯಿತು, ಒಳಗೆ ಬಿಳಿ ತಿರುಳೇ ಇಲ್ಲ.

“ಬೀಗರೇ, ಇದು ನಮ್ಮ ಕಡೆದೋ, ವಿಯೆಟ್ನಾಂದೋ?” ಅಂದೆ.

“ಕಾಳಿನ ಮೇಲೆ ಬಾವುಟ ಇರುತ್ತಾ ಬೀಗರೇ? ನೋಡಿ ಹೇಳೋಕಾಗಲ್ಲ. ಅದಕ್ಕೇ ಅಲ್ವಾ ಇಷ್ಟೆಲ್ಲ ನಡೆಯೋದು.”

ಅವರಿಗೆ ಈ ಕಥೆ ಬಾಯಿಪಾಠ. 2009ರ ಆಗಸ್ಟ್‌ನಲ್ಲಿ ಆಸಿಯಾನ್ ದೇಶಗಳ (ವಿಯೆಟ್ನಾಂ, ಇಂಡೊನೇಷ್ಯಾ ಎಲ್ಲ ಇರುವ ಆಗ್ನೇಯ ಏಷ್ಯಾದ ಗುಂಪು) ಜೊತೆ ಸರಕು ಒಪ್ಪಂದಕ್ಕೆ ಸಹಿ ಬಿತ್ತು, 2010ರ ಜನವರಿ 1ರಿಂದ ಜಾರಿ. ಕಾಫಿ, ಟೀ, ಮೆಣಸು, ತಾಳೆ ಎಣ್ಣೆ ನಾಲ್ಕನ್ನೂ ‘ವಿಶೇಷ’ ಪಟ್ಟಿಯಲ್ಲಿ ಇಟ್ಟರು. ವಿಶೇಷ ಅಂದರೆ ಹೊರಗೆ ಇಡೋದಲ್ಲ, ನಿಧಾನಕ್ಕೆ ಒಳಗೆ ಬಿಡೋದು. ಮೆಣಸಿನ ಸುಂಕ 70ರಿಂದ 2019ರ ಹೊತ್ತಿಗೆ 50ಕ್ಕೆ, ಕಾಫಿ 100ರಿಂದ 45ಕ್ಕೆ. ಕೇರಳದಲ್ಲಿ ಆಗ ಭಾರಿ ವಿರೋಧ. ಆ ವರ್ಷದ ಗಾಂಧಿ ಜಯಂತಿ ದಿನ ಎಡಪಕ್ಷದವರು ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ಮಾಡಿದರು. ಸಹಿ ಮಾತ್ರ ಅಳಿಸಿ ಹೋಗಲಿಲ್ಲ.

50 ಪರ್ಸೆಂಟ್ ಕಟ್ಟಿ ಯಾರು ತರುತ್ತಾರೆ? ಪಕ್ಕದಲ್ಲಿ ಶ್ರೀಲಂಕಾ ಇದೆಯಲ್ಲ. ದಕ್ಷಿಣ ಏಷ್ಯಾ ದೇಶಗಳ ನಡುವಿನ ಸಾಫ್ಟಾ ಒಪ್ಪಂದದಲ್ಲಿ ಅಲ್ಲಿನ ಮೆಣಸಿಗೆ 8 ಪರ್ಸೆಂಟ್. ಲಂಕೆ ಜೊತೆ 1998ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ 2,500 ಟನ್‌ವರೆಗೆ ಸುಂಕವೇ ಇಲ್ಲ. ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಇಳಿದು, ಚೀಲ ಬದಲಾಯಿಸಿಕೊಂಡು, ಲಂಕೆಯದಾಗಿ ಬರುತ್ತದೆ ಅನ್ನೋದು ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರ ಹಳೇ ದೂರು. ಓಡಾಡಿ ಓಡಾಡಿ, ಬೆಲೆ ಬಿದ್ದ ಮೇಲೆ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಕೇಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು. ಅದಕ್ಕಿಂತ ಅಗ್ಗದ ಮೆಣಸು ಒಳಗೆ ಬರಬಾರದು. ಅದಕ್ಕೂ ವಿರೋಧ ಇತ್ತು, ಹೊರಗಿನವರದಲ್ಲ. ಮೆಣಸಿನಿಂದ ಓಲಿಯೊರೆಸಿನ್ ಅನ್ನೋ ಸತ್ವ ತೆಗೆದು ರಫ್ತು ಮಾಡುವ ಕೊಚ್ಚಿ ಕಡೆಯ ಕಾರ್ಖಾನೆಯವರಿಗೆ ಅಗ್ಗದ ಮೆಣಸು ಬೇಕು. ಒಂದೇ ಕಾಳಿಗೆ ದೇಶದೊಳಗೇ ಎರಡು ಪಕ್ಷ.

“ಸಿಕ್ತಲ್ಲ ಬೀಗರೇ, 500 ರೂಪಾಯಿ” ಅಂದೆ.

“ಸಿಕ್ತು. ಆದರೆ ನಿಮ್ಮ ಹಾಲನ್ನ ಬಾಗಿಲಲ್ಲೇ ತಡೀತಾರೆ. ನಮ್ಮ ಮೆಣಸು ಒಳಗೆ ಬಂದ ಮೇಲೆ ಹುಡುಕ್ತಾರೆ. ನಿಮಗೆ ಊರೂರಲ್ಲಿ ಓಟಿದೆ. ನಮಗೇನಿದೆ? ಮೂರು ಜಿಲ್ಲೆ, ನಾಲ್ಕು ಸಂಘ. ಅದರಲ್ಲೂ ಅರ್ಧ ಜನಕ್ಕೆ ಕಾಫಿದೇ ಚಿಂತೆ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿ. ಒಪ್ಪಂದದ ಪುಸ್ತಕದಲ್ಲಿ ಹಾಲು ಒಂದು ಪುಟ, ಮೆಣಸು ಇನ್ನೊಂದು ಪುಟ ಆಗೋದು ದೆಹಲಿಯ ಲೆಕ್ಕದಿಂದಲ್ಲ. ಎಷ್ಟು ಜನ ಕೂಗಬಲ್ಲರು, ಎಷ್ಟು ಕ್ಷೇತ್ರ ಅಲುಗಾಡುತ್ತದೆ ಅನ್ನೋದರಿಂದ. ನಾನು ಹಾಲಿನವನು, ನನಗೆ ಲಾಭ. ಆದರೂ ಇದು ನ್ಯಾಯ ಅಂತ ಹೇಳೋಕೆ ಬಾಯಿ ಬರಲ್ಲ. ಸಹಿ ಹಾಕುವ ಮೊದಲು ಸಂಸತ್ತಿನಲ್ಲಿ ಪಟ್ಟಿ ಇಟ್ಟು ಒಂದು ಚರ್ಚೆಯಾದರೂ ಆದರೆ, ಕೂಗೋಕೆ ದನಿ ಇಲ್ಲದವರ ಬೆಳೆ ಹೆಸರೂ ಒಂದು ಸಲ ಕಿವಿಗೆ ಬೀಳುತ್ತದೆ.

ಎಣ್ಣೆ ವಿಭಾಗದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ತಾಳೆ ಎಣ್ಣೆ ಒಂದು ಗೋಡೆ ಪೂರ್ತಿ, ಕೊಬ್ಬರಿ ಎಣ್ಣೆ ಕೆಳಗಿನ ಸಾಲಿನಲ್ಲಿ ಬಗ್ಗಿ ತಗೋಬೇಕು. ಆಲಿವ್ ಎಣ್ಣೆಗೆ ಆಫರ್ ಚೀಟಿ ಇದೆ. ಯುರೋಪ್ ಒಪ್ಪಂದ ಜಾರಿಯಾದರೆ ಅದರ 45 ಪರ್ಸೆಂಟ್ ಸುಂಕ ಹೋಗುತ್ತದೆ, ಅಲ್ಲಿಯವರೆಗೆ ಕಾಯುವವರು ಕಾಯಬಹುದು. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನವರ ಸ್ಥಿತಿ ಮೆಣಸಿನವರಿಗಿಂತ ವಿಚಿತ್ರ. ಎಣ್ಣೆ ಬೆಲೆ ಏರಿದರೆ ತಿನ್ನುವವರ ಓಟಿಗೆ ಹೆದರಿ ಆಮದು ಸುಂಕ ಇಳಿಸುತ್ತಾರೆ. 2025ರ ಮೇ ಕೊನೆಯಲ್ಲಿ ಕಚ್ಚಾ ತಾಳೆ ಎಣ್ಣೆಗೆ 20 ಇದ್ದದ್ದನ್ನು 10 ಮಾಡಿದರು. ಅದಕ್ಕೆ ಯಾವ ಒಪ್ಪಂದವೂ ಬೇಕಾಗಲಿಲ್ಲ, ಒಂದು ಅಧಿಸೂಚನೆ ಸಾಕಾಯ್ತು.

ಬಿಲ್ ಮಾಡಿಸುವಾಗ ಮ್ಯಾನೇಜರ್‌ಗೆ ಆಗಸ್ಟ್ ಸ್ಟಿಕ್ಕರ್ ತೋರಿಸಿದೆ, ಕಿವಿ ಬೋರ್ಡನ್ನೂ ಹೇಳಿದೆ. ಹುಡುಗ ಪಾಪ ಒಳ್ಳೆಯವನು, ವಾದ ಮಾಡಲಿಲ್ಲ. “ಬ್ಯಾನರ್ ಬೆಂಗಳೂರಿಂದ ಬರುತ್ತೆ ಸರ್. ನಾವು ಕಟ್ಟೋದಷ್ಟೇ” ಅಂದ. ಕಿವಿ ಬೋರ್ಡ್ ಮಾತ್ರ ನನ್ನ ಎದುರಿಗೇ ತೆಗೆದ. ಮೆಣಸಿನ ಪ್ಯಾಕೆಟ್ಟನ್ನು ಮುಂದಿನ ವಾರ ವಾಪಸ್ ಒಯ್ದಾಗ, ಒಡೆದದ್ದು ತಗೊಳ್ಳಲ್ಲ ಅಂದರು. ಒಡೆಯದೆ ಜೊಳ್ಳು ಅಂತ ಗೊತ್ತಾಗೋದು ಹೇಗೆ ಅಂತ ಕೇಳಿದ್ದಕ್ಕೆ ಹೆಡ್ ಆಫೀಸಿನ ಫೋನ್ ನಂಬರ್ ಕೊಟ್ಟರು. ಅದು ರಿಂಗ್ ಆಗುತ್ತೆ, ಯಾರೂ ಎತ್ತಲ್ಲ.

ಒಟ್ಟಿನಲ್ಲಿ ಐದಕ್ಕೆ ಮೂರು. ದಿನಸಿಗೆ, ಹಾಲು ಮೊಸರಿಗೆ ಧೈರ್ಯವಾಗಿ ಹೋಗಿ. ಚಾಕೊಲೇಟ್ ಆಫರ್ ಇರುವಾಗ ತಗೊಳ್ಳಿ, ಎಕ್ಸ್‌ಪೈರಿ ನೋಡಿಕೊಂಡು. ತರಕಾರಿಗೆ ಕಟ್ಟಿನಕೆರೆ ಮಾರುಕಟ್ಟೆಯೇ ವಾಸಿ. ಮೆಣಸು ಬೇಕಾದರೆ ಸಕಲೇಶಪುರ, ಮೂಡಿಗೆರೆ ಕಡೆ ಗೊತ್ತಿರುವವರನ್ನು ಹಿಡಿಯಿರಿ, ಫೆಬ್ರವರಿ ಹೊತ್ತು ಕೊಯ್ಲಿನ ಕಾಲ. ಸಂಜೆ ಆರರ ಮೇಲೆ ಕಾರು ತಗೊಂಡು ಹೋಗಬೇಡಿ.